ಸೋನೋಗ್ರಫಿ ನಾರ್ಮಲ್ ಬಂದಿದೆ, ಮಗನಿಗೆ ಕೊಲೊನೋಸ್ಕೋಪಿ ಬೇಕೇ ಬೇಕಾ?

ತಿಂಗಳುಗಟ್ಟಲೆ ಹೊಟ್ಟೆನೋವು, ಭೇದಿ, ತೂಕ ಇಳೀತಿದೆ, ಆದರೂ ಸೋನೋಗ್ರಫಿ ನಾರ್ಮಲ್, ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರೋ ನಳಿಕೆ ಹಾಕಿ ಕರುಳಿನ ಒಳಗೆ ನೋಡೋ ಪರೀಕ್ಷೆ) ಬಿಡಬಹುದಾ ಅಂತ ಕೇಳಿದ್ದೀರಿ. ಡಾಕ್ಟರು ಬೇಕು ಅಂದಿದ್ದರೆ ಬಿಡಬೇಡಿ. ಆ ‘ನಾರ್ಮಲ್’ ನಂಬಿಯೇ ನಾವು ಮಗಳ ಬೆಳೆಯುವ ಕಾಲ ಕಳೆದುಕೊಂಡೆವು.

ನಾವು ಮುಂಬೈ ಹತ್ತಿರದ ಡೊಂಬಿವಲಿಯವರು. ಮನೆ ಹತ್ತಿರ ಮಾಡಿಸಿದ ರಿಪೋರ್ಟಿನಲ್ಲಿ ಲಿವರ್, ಕಿಡ್ನಿ, ಪಿತ್ತಕೋಶ ಎಲ್ಲ ಸರಿ ಅಂತಿತ್ತು. ಕರುಳಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಕರುಳು ನೋಡೇ ಇಲ್ಲ ಅನ್ನೋದನ್ನ ನಾನು ಕರುಳು ಚೆನ್ನಾಗಿದೆ ಅಂತ ಓದಿಕೊಂಡೆ. ಮಾಮೂಲಿ ಹೊಟ್ಟೆ ಸೋನೋಗ್ರಫಿಯಲ್ಲಿ ಎಷ್ಟೋ ಸಲ ಕರುಳಿನ ಗೋಡೆ ಅಳೆಯುವುದೇ ಇಲ್ಲ, ಅದು ನನಗೆ ಗೊತ್ತಿರಲಿಲ್ಲ. ವಡಾಪಾವ್ ತಿಂದೆ, ಅದಕ್ಕೇ ನೋವು ಅಂತ ಅವಳನ್ನೇ ಗದರಿದೆ. ಓರಗೆಯವರು ಎತ್ತರ ಆಗುತ್ತಿದ್ದರು, ಇವಳಿಗೆ ಹೋದ ವರ್ಷದ ಯೂನಿಫಾರ್ಮೇ ಸಾಕಾಗುತ್ತಿತ್ತು. ಲೋಕಲ್ ಟ್ರೈನಿನಲ್ಲಿ ಟಾಯ್ಲೆಟ್ ಇರೋದಿಲ್ಲ ಅಲ್ವಾ, ದಾದರ್‌ವರೆಗೆ ಬರೋದಕ್ಕೂ ಹೆದರುತ್ತಿದ್ದಳು.

ಕೊನೆಗೆ ಪರೇಲ್ ಕಡೆ ಮಕ್ಕಳ ಕರುಳಿನ ಡಾಕ್ಟರೊಬ್ಬರು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್ ಮಾಡಿಸಿದರು. ಕರುಳಿನಲ್ಲಿ ಉರಿಯೂತ ಇದ್ದರೆ ಏರುವ ಪ್ರೋಟೀನ್ ಅದು, ತುಂಬಾ ಜಾಸ್ತಿ ಬಂತು. ಆಮೇಲೆ ಕರುಳನ್ನೇ ನೋಡುವ ಸೋನೋಗ್ರಫಿ. ಇದಕ್ಕೆ ಬೇರೆ ಪ್ರೋಬ್ ಬಳಸುತ್ತಾರೆ, ಪಳಗಿದ ಕೈಯೂ ಬೇಕು. ಗೋಡೆಯ ದಪ್ಪ 3 ಮಿ.ಮೀ. ದಾಟಿದರೆ ಉರಿಯೂತದ ಅನುಮಾನ. ಮಕ್ಕಳ ಕರುಳಿನ ಗೋಡೆ ಇನ್ನೂ ತೆಳ್ಳಗಿರುವುದರಿಂದ ಅದಕ್ಕಿಂತ ಕಡಿಮೆ ಇದ್ದರೂ ಕೆಲವೊಮ್ಮೆ ಯೋಚಿಸಬೇಕಾಗುತ್ತೆ. ಡಾಪ್ಲರ್ ಹಾಕಿ ಗೋಡೆಗೆ ರಕ್ತ ಜಾಸ್ತಿ ಹರಿಯುತ್ತಿದೆಯಾ ಅಂತಲೂ ನೋಡುತ್ತಾರೆ. ಮಗಳ ಸಣ್ಣ ಕರುಳಿನ ಕೊನೆಯ ಭಾಗ ದಪ್ಪವಾಗಿತ್ತು.

ಆದರೂ ಕೊಲೊನೋಸ್ಕೋಪಿ ತಪ್ಪಲಿಲ್ಲ, ತಪ್ಪಬಾರದಿತ್ತು ಕೂಡ. ನಮ್ಮ ದೇಶದಲ್ಲಿ ಕರುಳಿನ ಟಿಬಿಯೂ ಅದೇ ಜಾಗದಲ್ಲಿ, ಹೆಚ್ಚುಕಡಿಮೆ ಕ್ರೋನ್ಸ್ (ಕರುಳಿನಲ್ಲಿ ದೀರ್ಘಕಾಲ ಉರಿಯೂತ ಇರೋ ಕಾಯಿಲೆ) ಥರವೇ ಕಾಣಿಸುತ್ತೆ. ಟಿಬಿ ಇದ್ದವರಿಗೆ ಕ್ರೋನ್ಸ್ ಅಂತ ಸ್ಟೀರಾಯ್ಡ್ ಕೊಟ್ಟರೆ ಅಪಾಯ. ಎರಡರಲ್ಲಿ ಯಾವುದು ಅಂತ ಪರೀಕ್ಷಿಸೋ ಬಯಾಪ್ಸಿಗೆ ಕರುಳಿನ ತುಣುಕು ತೆಗೆಯಲು ಸೋನೋಗ್ರಫಿಯಿಂದ ಆಗೋದಿಲ್ಲ. ಗುದನಾಳವೂ ಅದರಲ್ಲಿ ಸರಿಯಾಗಿ ಕಾಣೋದಿಲ್ಲ.

ಅದಕ್ಕೇ ‘ಇದಾ, ಅದಾ’ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಕಾಯಿಲೆ ಯಾವುದು ಅಂತ ಗೊತ್ತಾಗೋದಕ್ಕೆ ಕೊಲೊನೋಸ್ಕೋಪಿ ಬೇಕು. ಔಷಧಿ ನಾಟುತ್ತಿದೆಯಾ ಅಂತ ಆಗಾಗ ನೋಡೋದಕ್ಕೆ ಸೋನೋಗ್ರಫಿಯಂಥದ್ದು ಇನ್ನೊಂದಿಲ್ಲ. ರೇಡಿಯೇಶನ್ ಇಲ್ಲ, ಅರಿವಳಿಕೆ ಇಲ್ಲ, ಭೇದಿ ಮಾಡಿಸೋ ಔಷಧಿಯೂ ಇಲ್ಲ. ಈಗ ಮಗಳು ತಾನೇ ಸ್ಕ್ರೀನ್ ನೋಡುತ್ತಾ ಮಲಗುತ್ತಾಳೆ.

ಇವತ್ತೇ ಮಗನ ರಿಪೋರ್ಟ್ ತೆಗೆದು ನೋಡಿ. ಕರುಳಿನ ಗೋಡೆಯ ದಪ್ಪ ಬರೆದಿಲ್ಲವಾದರೆ ಆ ‘ನಾರ್ಮಲ್’ ಕರುಳಿಗೆ ಸೇರಿದ್ದಲ್ಲ. ಅವನ ಎತ್ತರ, ತೂಕದ ಹಳೆಯ ಲೆಕ್ಕವನ್ನೂ ಡಾಕ್ಟರಿಗೆ ತೋರಿಸಿ.