ಕೊಡಗಿನಲ್ಲಿ ಜಾಗ ತೆಗೆದುಕೊಂಡು ನೆಲೆಸುವ ಹೊರಗಿನವರನ್ನು ಊರಿನವರು ಹೇಗೆ ನೋಡುತ್ತಾರೆ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನ ಕೆಲಸ ಬಿಟ್ಟು ಕೊಡಗಿನಲ್ಲಿ ಎರಡು ಎಕರೆ ತೋಟ ತೆಗೆದುಕೊಂಡು ಇರಬೇಕೆಂದಿದ್ದೇವೆ, ಅಲ್ಲಿಯವರಿಗೆ ಪ್ರವಾಸಿಗರನ್ನು ಕಂಡರೇ ಆಗುವುದಿಲ್ಲವಂತೆ, ನಮ್ಮಂಥವರನ್ನು ಊರಿನವರು ಸೇರಿಸಿಕೊಳ್ಳುತ್ತಾರಾ?

ಸೇರಿಸಿಕೊಳ್ಳುತ್ತಾರೆ. ಆದರೆ ಬಂದು ಹೋಗುವವರ ಲೆಕ್ಕವೇ ಬೇರೆ, ಜಾಗ ತೆಗೆದುಕೊಂಡವರ ಲೆಕ್ಕವೇ ಬೇರೆ. ಎರಡನ್ನೂ ಒಟ್ಟಿಗೆ ಹಾಕಿ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ.

ಪ್ರವಾಸಿಗರ ವಿಷಯ ಬೇಗ ಮುಗಿಸುತ್ತೇನೆ. 2000ದ ದಶಕದ ಆರಂಭದಲ್ಲಿ ಕಾಫಿ ಬೆಲೆ ನೆಲ ಕಚ್ಚಿದಾಗ ಎಷ್ಟೋ ಮನೆಗಳ ಸಾಲ ತೀರಿಸಿದ್ದು, ಮಕ್ಕಳ ಫೀಸು ಕಟ್ಟಿದ್ದು ಹೋಂಸ್ಟೇ ದುಡ್ಡು. ಮಾಂದಲಪಟ್ಟಿಗೆ ಜೀಪು ಓಡಿಸುವವರು, ಮಸಾಲೆ ಅಂಗಡಿಯವರು, ದುಬಾರೆಯ ದೋಣಿಯವರು ಎಲ್ಲರ ಹೊಟ್ಟೆಪಾಡು ಅದೇ. ಹಾಗಾಗಿ 'ಪ್ರವಾಸಿಗರು ಬೇಡ' ಎನ್ನುವವರು ಕಡಿಮೆ. ಸಿಟ್ಟು ಬರುವುದು ಕೆಲವು ಗೊತ್ತಾದ ಕಾರಣಗಳಿಗೆ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ 5,54,519. ಅಷ್ಟು ಜನರಿಗಾಗಿ ಇದ್ದ ರಸ್ತೆಗಳ ಮೇಲೆ ಶನಿವಾರ, ಭಾನುವಾರ ಮೈಸೂರು, ಬೆಂಗಳೂರಿನ ಕಾರುಗಳೆಲ್ಲ ಬಂದು ಬಿದ್ದರೆ ಮಡಿಕೇರಿಯಲ್ಲಿ ಆಸ್ಪತ್ರೆಗೆ ಹೋಗುವವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಇನ್ನೊಂದು, ನೀರು. 'ಇಲ್ಲಿ ಇಳಿಯಬೇಡಿ' ಎಂದು ಬೋರ್ಡಿದ್ದರೂ ಚೇಲಾವರದಂಥ ಜಲಪಾತಗಳಲ್ಲಿ ಇಳಿದು ಜೀವ ಕಳೆದುಕೊಂಡವರಿದ್ದಾರೆ. ಆಮೇಲೆ ಹಗ್ಗ ಹಿಡಿದು ಆ ಗುಂಡಿಗೆ ಇಳಿಯಬೇಕಾದವರು ಅದೇ ಊರಿನ ಹುಡುಗರು. ತೋಟದ ಬದಿಯಲ್ಲಿ ಬಾಟಲಿ ಒಡೆದು ಹೋದರೆ ಮರುದಿನ ಅದನ್ನು ತುಳಿಯುವುದು ಕೆಲಸದ ಹೆಂಗಸರು. ಪ್ರವಾಸಿಗರ ಬಗ್ಗೆ ಇರುವ ಬೇಸರ ಮುಕ್ಕಾಲು ಪಾಲು ಇಷ್ಟೇ.

ಈಗ ನಿಮ್ಮ ವಿಷಯ. ಹೊಸಬರಿಗೆ ಇಲ್ಲಿ ಮೊದಲು ಎದುರಾಗುವ ಪ್ರಶ್ನೆ 'ಮಳೆಗಾಲದಲ್ಲಿ ಇರ್ತೀರಾ?' ಎಂಬುದು. ಮಾತಿಗೆ ಕೇಳುವುದಲ್ಲ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ದಾರಿ ಮುಚ್ಚುತ್ತದೆ, ಕರೆಂಟು ದಿನಗಟ್ಟಲೆ ಇರುವುದಿಲ್ಲ, ಕೊಲ್ಲಿ (ಗುಡ್ಡದ ಸಣ್ಣ ಹಳ್ಳ) ತುಂಬಿ ಮೋರಿ ಕೊಚ್ಚಿಹೋಗುತ್ತದೆ. ಆಗ ಮರ ಕೊಯ್ಯಲು ಗರಗಸ ಹಿಡಿದು ಬರುವವರು ಅಕ್ಕಪಕ್ಕದವರೇ. ಡಿಸೆಂಬರ್ ಚಳಿಗೆ ಬಂದು ಮೇ ಕೊನೆಗೆ ಬೀಗ ಹಾಕಿ ಹೋಗುವವರು ಎಷ್ಟು ವರ್ಷ ಕಳೆದರೂ ಊರಿನ ಲೆಕ್ಕಕ್ಕೆ ಬರುವುದಿಲ್ಲ.

ಜಾಗದ ದಾಖಲೆಯಿಂದಲೇ ಸಂಬಂಧ ಕೆಡುವುದೂ ಉಂಟು, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೊಡಗಿನಲ್ಲಿ ಜಮ್ಮಾ ಜಾಗ, ಎಂದರೆ ಇಡೀ ಕುಟುಂಬಕ್ಕೆ ತಲೆಮಾರುಗಳಿಂದ ಬಂದ ಜಾಗ, ಬಹಳ. ಪಹಣಿಯ 9ನೇ ಕಾಲಂನಲ್ಲಿ ಪಟ್ಟೇದಾರರಾಗಿ ಯಾವಾಗಲೋ ತೀರಿಹೋದ ಅಜ್ಜನ ಹೆಸರಿರುತ್ತದೆ. ಹಕ್ಕಿರುವುದು ಒಕ್ಕದ, ಎಂದರೆ ಆ ಮನೆತನದ, ಹಲವರಿಗೆ. ಅವರಲ್ಲಿ ಒಬ್ಬರು 'ನನ್ನ ಪಾಲು ಕೊಡುತ್ತೇನೆ' ಎಂದು ಅಡ್ವಾನ್ಸ್ ಪಡೆಯುತ್ತಾರೆ, ಉಳಿದವರು ಕೋರ್ಟಿಗೆ ಹೋಗುತ್ತಾರೆ, ನೀವು ಇಡೀ ಕುಟುಂಬದ ಶತ್ರುವಾಗುತ್ತೀರಿ. ಬೆಲೆ ಕಡಿಮೆ ಎಂದು ಇಂಥದ್ದಕ್ಕೆ ಕೈ ಹಾಕಬೇಡಿ. ವಂಶವೃಕ್ಷ ತರಿಸಿ, ಅದರಲ್ಲಿರುವ ಎಲ್ಲ ಪಾಲುದಾರರ ಸಹಿ ಕೇಳಿ. ಪೋಡಿಯಾಗಿ (ಅಳತೆ ಮಾಡಿ ಪಾಲು ಬೇರ್ಪಟ್ಟು) ನಿಮ್ಮ ತುಂಡಿಗೆ ಬೇರೆ ನಕ್ಷೆ ಇದೆಯೇ ನೋಡಿ. 11ನೇ ಕಾಲಂನಲ್ಲಿ ಸಾಲ, ತಕರಾರು ಏನಾದರೂ ನಮೂದಾಗಿದೆಯೇ ಓದಿ. 30 ವರ್ಷದ ಋಣಭಾರ ಪ್ರಮಾಣಪತ್ರ ತೆಗೆಸಿ. ಬಾಣೆಯಾದರೆ (ಗದ್ದೆಗೆ ಸೇರಿದಂತೆ ಕೊಟ್ಟ, ಮರಗಳಿರುವ ಗುಡ್ಡದ ಜಾಗ) ರಿಡೀಮ್ಡೋ ಅನ್‌ರಿಡೀಮ್ಡೋ, ಎಂದರೆ ಮರದ ಹಕ್ಕು ಬಿಡಿಸಿಕೊಂಡದ್ದೋ ಅಲ್ಲವೋ, ಕೇಳಿ. ಅನ್‌ರಿಡೀಮ್ಡ್ ಜಾಗದಲ್ಲಿ ಮರದ ಮೇಲೆ ಸರ್ಕಾರದ ಹಕ್ಕಿರುತ್ತದೆ. ಮನೆಗೆ ಬೇಕೆಂದು ಒಂದು ಬೀಟೆಗೆ ಕೊಡಲಿ ಹಾಕಿದರೂ ಅರಣ್ಯ ಇಲಾಖೆಯ ಕೇಸು.

ಪಹಣಿಯಲ್ಲಿ ಕಾಣದ ಹಕ್ಕುಗಳೂ ಇವೆ, ಮನಸ್ತಾಪ ಹೆಚ್ಚು ಹುಟ್ಟುವುದು ಅಲ್ಲೇ. ಮೊದಲನೆಯದು ದಾರಿ. ನೀವು ಕೊಳ್ಳುವ ತೋಟದೊಳಗೆ ಮಾರಿದ ಕುಟುಂಬದ ಕೈಮಡ (ಹಿರಿಯರ ಗುಡಿ) ಇರಬಹುದು, ತೂಟಂಗಳ (ಮನೆತನದ ಸ್ಮಶಾನ) ಇರಬಹುದು, ಅಥವಾ ದೇವರಕಾಡಿಗೆ ಹೋಗುವ ಕಾಲುದಾರಿ ಹಾದಿರಬಹುದು. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಅವುಗಳಿಗೆ ಹೋಗುವ ಎಷ್ಟೋ ದಾರಿಗಳು ಯಾರದೋ ತೋಟದ ನಡುವಿನವು. ಹೊಸಬರು ಬಂದ ಮೊದಲ ತಿಂಗಳಲ್ಲೇ ಸುತ್ತ ಬೇಲಿ, ಕಬ್ಬಿಣದ ಗೇಟು, 'ಅತಿಕ್ರಮ ಪ್ರವೇಶ ನಿಷೇಧ' ಎಂಬ ಬೋರ್ಡು ಹಾಕುತ್ತಾರೆ. ಕಾರಣೋರಿಗೆ (ತೀರಿಹೋದ ಹಿರಿಯರಿಗೆ) ಮೀದಿ, ಎಂದರೆ ಎಡೆ, ಇಡಲು ವರ್ಷಕ್ಕೊಮ್ಮೆ ಬರುವ ಕುಟುಂಬ ವಾಚ್‌ಮನ್ ಹತ್ತಿರ ಅಪ್ಪಣೆ ಕೇಳಿ ನಿಲ್ಲಬೇಕಾಗುತ್ತದೆ. ಆ ಒಂದು ದಿನದ ಅವಮಾನವನ್ನು ಯಾರೂ ಮರೆಯುವುದಿಲ್ಲ. ಪರಿಹಾರ ಸುಲಭ: ಕ್ರಯಪತ್ರದಲ್ಲೇ ದಾರಿಯನ್ನು ಅಡಿ ಲೆಕ್ಕದಲ್ಲಿ, ನಕ್ಷೆಯೊಂದಿಗೆ ಬರೆಸಿ. ಬೇಲಿ ಹಾಕುವುದೇ ಆದರೆ ಅಲ್ಲಿ ಬೀಗವಿಲ್ಲದ ಚಿಕ್ಕ ಗೇಟು ಇಡಿ.

ಎರಡನೆಯದು ನೀರು. ಫೆಬ್ರವರಿ ಮಧ್ಯದಿಂದ ಮಾರ್ಚ್‌ವರೆಗೆ ರೊಬಸ್ಟಾ ಕಾಫಿಗೆ ಹೂಮಳೆ, ಎಂದರೆ ಹೂ ಅರಳಿಸುವ ಮಳೆ, ಬೇಕು. ಆಕಾಶದಿಂದ ಬರದಿದ್ದರೆ ಸ್ಪ್ರಿಂಕ್ಲರ್‌ನಲ್ಲಿ ಒಂದರಿಂದ ಒಂದೂವರೆ ಇಂಚು ಕೊಡಬೇಕು, ಎರಡು ಮೂರು ವಾರ ಬಿಟ್ಟು ಇನ್ನೊಂದು ಸಲ. ಒಂದು ಎಕರೆಗೆ ಒಂದು ಇಂಚು ಎಂದರೆ ಸುಮಾರು ಒಂದು ಲಕ್ಷ ಲೀಟರ್. ಹತ್ತು ಎಕರೆಯವರಿಗೆ ಕೆಲವೇ ದಿನಗಳಲ್ಲಿ ಹತ್ತು ಹದಿನೈದು ಲಕ್ಷ ಲೀಟರ್ ಬೇಕು, ತೋಡಿನಲ್ಲಿ (ಹಳ್ಳದಲ್ಲಿ) ನೀರು ಅತಿ ಕಡಿಮೆ ಇರುವುದೂ ಆಗಲೇ. ಅರ್ಧಕ್ಕೆ ನೀರು ನಿಂತರೆ ಮೊಗ್ಗು ಸರಿಯಾಗಿ ಅರಳದೆ ಕಂದುತ್ತದೆ, ಇಡೀ ವರ್ಷದ ಫಸಲು ಹೋಯಿತು. ಅದಕ್ಕೇ ಒಂದೇ ತೋಡಿನ ಮೇಲಿನವರು, ಕೆಳಗಿನವರು ಬಾಯಿಮಾತಿನಲ್ಲೇ ಸರದಿ ಮಾಡಿಕೊಂಡಿರುತ್ತಾರೆ: ಇಂದು ಅವರ ಪಂಪು, ನಾಳೆ ಇವರದು. ಇದು ಯಾವ ಕಾಗದದಲ್ಲೂ ಇಲ್ಲ. ಹೊಸಬರು ಇದು ತಿಳಿಯದೆ ಮೇಲ್ಭಾಗದಲ್ಲಿ ಕಟ್ಟೆ ಕಟ್ಟಿ ಮೋಟಾರ್ ಇಟ್ಟರೆ ಕೆಳಗಿನ ನಾಲ್ಕು ಮನೆಯವರು ಒಂದೇ ರಾತ್ರಿಯಲ್ಲಿ ವಿರೋಧಿಗಳಾಗುತ್ತಾರೆ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಈಜುಕೊಳ ಒಂದು ಸಲ ತುಂಬಲು 60,000 ಲೀಟರ್ ಹೋಗುತ್ತದೆ. ಪ್ರಮಾಣಕ್ಕಿಂತ ಹೆಚ್ಚು ನೋಯಿಸುವುದು ಅದನ್ನು ತುಂಬುವ ಕಾಲ: ಏಪ್ರಿಲ್‌ನಲ್ಲಿ, ಪಕ್ಕದವರ ಬಾವಿ ತಳ ಕಾಣುವಾಗ. ಜಾಗ ನೋಡಲು ಬಂದ ದಿನವೇ 'ಈ ತೋಡಿನಲ್ಲಿ ಸರದಿ ಹೇಗೆ?' ಎಂದು ಕೇಳಿ. ಆ ಒಂದು ಪ್ರಶ್ನೆಯಿಂದಲೇ ನಿಮ್ಮ ಬಗ್ಗೆ ಅರ್ಧ ಊರಿನ ಅಭಿಪ್ರಾಯ ಬದಲಾಗುತ್ತದೆ.

ಗದ್ದೆ ತುಂಬಿಸುವುದನ್ನು ಇದೇ ಸಾಲಿಗೆ ಸೇರಿಸಿ. ಗದ್ದೆಗಳು ಎರಡು ಗುಡ್ಡದ ನಡುವಿನ ನೀರು ಬಂದು ನಿಲ್ಲುವ, ಇಂಗುವ ಜಾಗ. ಕೃಷಿ ಮಾಡದೆ ಪಾಳು ಬಿಟ್ಟ ಗದ್ದೆ ಅಗ್ಗಕ್ಕೆ ಸಿಗುತ್ತದೆ, ಅದಕ್ಕೆ ಮಣ್ಣು ಹೊಡೆಸಿ ಮನೆ ಕಟ್ಟಿದರೆ ಮೊದಲ ಮಳೆಗಾಲಕ್ಕೇ ನೀರು ಪಕ್ಕದವರ ಅಂಗಳಕ್ಕೆ ತಿರುಗುತ್ತದೆ. ಸುಗ್ಗಿ ಹಬ್ಬವಾದ ಹುತ್ತರಿಗೆ ಕದಿರು ಕುಯ್ಯಲು ಊರಿನಲ್ಲಿ ಗದ್ದೆಯೇ ಉಳಿದಿಲ್ಲ ಎಂಬ ಸಂಕಟ ಈಗಾಗಲೇ ಇದೆ. ಮಾರಿದವರು ನಮ್ಮವರೇ ಎನ್ನುವುದೂ ನಿಜ. ಆ ತಪ್ಪನ್ನು ಕೊಂಡವರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ.

ಮೂರನೆಯದು ಬರೆ, ಎಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಗೋಡೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಬಂದ ಮೇಲೆ ಜೆಸಿಬಿ ಸದ್ದು ಕೇಳಿದರೆ ಜನರಿಗೆ ಭಯ. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಜಾರಿತು. ಮಳೆಯ ಅಬ್ಬರವೇ ಮುಖ್ಯ ಕಾರಣ ಹೌದು, ಆದರೆ ಬುಡ ಕಡಿದ ಇಳಿಜಾರು ಮೊದಲು ಜಾರುತ್ತದೆ ಎಂಬುದು ಎಲ್ಲರೂ ಕಣ್ಣಾರೆ ಕಂಡದ್ದು. ನೋಟ ಚೆನ್ನಾಗಿದೆ ಎಂದು ಗುಡ್ಡದ ನೆತ್ತಿಯಲ್ಲಿ ಅರ್ಧ ಎಕರೆ ಸಮತಟ್ಟು ಮಾಡಬೇಡಿ. ಮನೆಯನ್ನು ಇಳಿಜಾರಿಗೆ ತಕ್ಕಂತೆ ಎರಡು ಮೆಟ್ಟಿಲಲ್ಲಿ ಕಟ್ಟಬಹುದು. ಮಣ್ಣಿನ ಕೆಲಸ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಯಲಿ. ಮೇನಲ್ಲಿ ಕಡಿದ ಬರೆಗೆ ಹುಲ್ಲು ಹಿಡಿಯುವ ಮೊದಲೇ ಮಳೆ ಬರುತ್ತದೆ. ಮಾಡಿನ (ಛಾವಣಿಯ) ನೀರನ್ನು ಪೈಪಿನಲ್ಲಿ ಕೊಲ್ಲಿಯವರೆಗೆ ಒಯ್ಯಿರಿ. ಬಯಲುಸೀಮೆಯಲ್ಲಿ ಪುಣ್ಯದ ಕೆಲಸವಾದ ಇಂಗುಗುಂಡಿ ಕಡಿದಾದ ಬರೆಯ ನೆತ್ತಿಯ ಮೇಲೆ ಅಪಾಯ, ಅದು ಮಣ್ಣನ್ನು ಒಳಗಿನಿಂದ ತೋಯಿಸಿ ಭಾರ ಮಾಡುತ್ತದೆ.

ಸಿದ್ದಾಪುರ, ಅಮ್ಮತ್ತಿ, ಪೊನ್ನಂಪೇಟೆ ಕಡೆ ಜಾಗ ನೋಡುತ್ತಿದ್ದರೆ ಆನೆಯ ವಿಷಯವೂ ನೆರೆಹೊರೆಯ ವಿಷಯವೇ. ನೀವೊಬ್ಬರೇ ಗಟ್ಟಿ ಬೇಲಿ ಹಾಕಿದರೆ ಆನೆ ಊರು ಬಿಟ್ಟು ಹೋಗುವುದಿಲ್ಲ, ಪಕ್ಕದ ತೋಟದಲ್ಲಿ ಹಾದುಹೋಗುತ್ತದೆ. ಬೇಲಿ ಹಾಕುವಾಗ ಸುತ್ತಲಿನವರೊಂದಿಗೆ ಕೂಡಿ ಹಾಕಿ. ಸೋಲಾರ್ ಬೇಲಿಗೆ ಎನರ್ಜೈಸರ್ ಮೂಲಕ ಬಿಟ್ಟು ಬಿಟ್ಟು ಬರುವ ಹೊಡೆತ ಮಾತ್ರ ಇರಬೇಕು. ನೇರ ಕರೆಂಟು ಕೊಟ್ಟರೆ ಆನೆಯೂ ಸಾಯುತ್ತದೆ, ಬೆಳಿಗ್ಗೆ ಬರುವ ಕೆಲಸದವರೂ ಸಾಯುತ್ತಾರೆ, ನೀವು ಜೈಲಿಗೆ. ಹಲಸು ಹಣ್ಣಾಗುವ ಮೊದಲೇ ಕಾಯಿ ಇಳಿಸಿ. ಅಡುಗೆಮನೆಯ ಕಸವನ್ನು ತೋಟಕ್ಕೆ ಎಸೆದರೆ ಹಂದಿ, ಕೋತಿ ಅಭ್ಯಾಸವಾಗಿ ಪಕ್ಕದವರ ಬಾಳೆಗೂ ಬರುತ್ತವೆ.

ಆಚಾರದ ವಿಷಯದಲ್ಲಿ ಮುಖ್ಯವಾದದ್ದು 'ಕಟ್ಟು'. ಊರ ದೇವರ ಹಬ್ಬದ ಮುಂಚೆ ಕಟ್ಟು ಬೀಳುತ್ತದೆ. ಹಬ್ಬ ಮುಗಿಯುವವರೆಗೆ ಊರ ಗಡಿಯೊಳಗೆ ಪ್ರಾಣಿ ಕೊಲ್ಲುವಂತಿಲ್ಲ, ಮಾಂಸ ಮಾಡುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ, ಮದುವೆ ಇಲ್ಲ. ಊರಿಂದೂರಿಗೆ ನಿಯಮ, ದಿನ ಬೇರೆ ಬೇರೆ. ಆ ದಿನಗಳಲ್ಲಿ ನಿಮ್ಮ ಅಂಗಳದಿಂದ ಹಂದಿ ಬಾರ್ಬೆಕ್ಯೂ ಹೊಗೆ ಎದ್ದರೆ ಯಾರೂ ಜಗಳಕ್ಕೆ ಬರಲಿಕ್ಕಿಲ್ಲ, ಆದರೆ ಮಾತು ನಿಲ್ಲುತ್ತದೆ. ಊರ ತಕ್ಕರನ್ನು (ಊರಿನ, ದೇವಸ್ಥಾನದ ಮುಖ್ಯಸ್ಥರನ್ನು) ಕೇಳಿ ದಿನ ಬರೆದಿಟ್ಟುಕೊಳ್ಳಿ. ಎರಡು ಗುಂಡಿನ ಸದ್ದು ಒಟ್ಟಿಗೆ ಕೇಳಿದರೆ ಬೇಟೆ ಎಂದು ಪೊಲೀಸರಿಗೆ ಫೋನ್ ಮಾಡಬೇಡಿ. ಕೊಡವ ಮನೆಯಲ್ಲಿ ಸಾವಾಗಿದೆ ಎಂದು ಅದರ ಅರ್ಥ. ಯಾರ ಮನೆ ಎಂದು ವಿಚಾರಿಸಿ, ಹೋಗಿ. ಮದುವೆಗೆ ಕರೆದರೆ ಹೋಗದಿದ್ದರೂ ಕ್ಷಮೆ ಇದೆ, ಸಾವಿಗೆ ಹೋಗದವರನ್ನು ಊರು ಬಹಳ ಕಾಲ ನೆನಪಿಡುತ್ತದೆ. ಮೇ ತಿಂಗಳಲ್ಲಿ ಆದಿವಾಸಿಗಳ ಕುಂಡೆ ಹಬ್ಬದಲ್ಲಿ ವೇಷ ಹಾಕಿದವರು ಕಾರು ತಡೆದು ಬೈಯುತ್ತಾ ದುಡ್ಡು ಕೇಳುತ್ತಾರೆ, ಹೆದರಬೇಡಿ, ಸಿಟ್ಟೂ ಮಾಡಬೇಡಿ. ಅಂದು ಬೈಗುಳವೇ ಹರಕೆ.

ಕೆಲಸದವರ ವಿಷಯದಲ್ಲಿ ಹೊಸಬರು ಗೊತ್ತಿಲ್ಲದೆ ಮಾಡುವ ಕೇಡೊಂದಿದೆ. ಅರೇಬಿಕಾ ನವೆಂಬರ್‌ನಿಂದ, ರೊಬಸ್ಟಾ ಜನವರಿ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಆಗ ಪಕ್ಕದ ತೋಟಕ್ಕೆ ಮಾತಾದ ಆಳುಗಳನ್ನು ಹೆಚ್ಚು ಕೂಲಿ ಕೊಟ್ಟು ನಿಮ್ಮ ಗಾರ್ಡನ್ ಕೆಲಸಕ್ಕೆ ಕರೆದರೆ ಅವರ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ. ಹೆಚ್ಚು ಕೂಲಿ ಕೊಡುವುದು ತಪ್ಪಲ್ಲ, ಕೊಡಲೇಬೇಕು. ಕೊಯ್ಲು ಮುಗಿದ ಮೇಲೆ ಕರೆಯಿರಿ.

'ಸ್ಥಳೀಯರು' ಎಂದರೆ ಒಂದೇ ದನಿಯಲ್ಲ ಎಂಬುದನ್ನೂ ತಿಳಿದಿರಿ. ಕೊಡವರು, ಅರೆಭಾಷೆ ಗೌಡರು, ಮಾಪಿಳ್ಳೆಗಳು, ಸೋಮವಾರಪೇಟೆ ಕಡೆಯ ಲಿಂಗಾಯತರು, ತಲೆಮಾರುಗಳ ಹಿಂದೆ ಕೇರಳ, ದಕ್ಷಿಣ ಕನ್ನಡದಿಂದ ಬಂದವರು ಎಲ್ಲರೂ ಇಲ್ಲಿನವರೇ. ಎಲ್ಲರಿಗಿಂತ ಹಳಬರಾದ ಯರವ, ಜೇನುಕುರುಬ, ಬೆಟ್ಟಕುರುಬ ಆದಿವಾಸಿ ಕುಟುಂಬಗಳಲ್ಲಿ ಎಷ್ಟೋ ಇನ್ನೂ ಬೇರೆಯವರ ತೋಟದ ಲೈನ್ ಮನೆಯಲ್ಲಿವೆ (ಕೂಲಿಯವರ ಸಾಲುಮನೆ). 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ಅವರು ಕೇಳಿದ್ದು ಕಾಲೂರಲು ಒಂದು ತುಂಡು ಜಾಗ. ವಾರಾಂತ್ಯದ ಬಂಗಲೆಗೆ ಎಕರೆಗಟ್ಟಲೆ ಸಿಗುವುದನ್ನು ಅವರು ಹೇಗೆ ನೋಡುತ್ತಾರೆ ಎಂಬುದೂ ನಿಮ್ಮ ಪ್ರಶ್ನೆಗೆ ಸೇರಿದ ಉತ್ತರವೇ, ನನ್ನ ಮಟ್ಟಿಗೆ ಅತಿ ಮುಖ್ಯವಾದ ಉತ್ತರ.

ಮುಂದೆ ಹೋಂಸ್ಟೇ ಮಾಡುವ ಯೋಚನೆ ಇದ್ದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ, ಐದು ಕೋಣೆ ಮೀರಬೇಡಿ, ಅದೇ ಆವರಣದಲ್ಲಿ ನೀವೇ ವಾಸವಿರಿ. ಊರಿನವರ ಕೋಪ ಹೆಚ್ಚು ತಟ್ಟುವುದು ಮಾಲೀಕರು ಬೆಂಗಳೂರಿನಲ್ಲಿ ಕೂತು ಕೇರ್‌ಟೇಕರ್ ಕೈಯಲ್ಲಿ ನಡೆಸುವ ಮನೆಗಳಿಗೆ. ರಾತ್ರಿ ಹತ್ತರ ಮೇಲೆ ಸ್ಪೀಕರ್ ಬೇಡ. ಕಣಿವೆಯಲ್ಲಿ ಸದ್ದು ಎದುರು ಗುಡ್ಡಕ್ಕೆ ಬಡಿದು ಮೂರು ಊರಿಗೆ ಕೇಳುತ್ತದೆ.

ಭಾಷೆಗೆ ಹೆದರಬೇಡಿ, ಕನ್ನಡ ಎಲ್ಲೆಡೆ ನಡೆಯುತ್ತದೆ. ಗ್ರಾಮಸಭೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತರೂ ಸಾಕು. ಮೊದಲ ವರ್ಷ ಸಲಹೆ ಕೊಡುವುದಕ್ಕಿಂತ ಕೇಳುವುದು ಹೆಚ್ಚಿರಲಿ.

ಕೊಳ್ಳುವ ಮುಂಚೆ ಅದೇ ಊರಿನಲ್ಲಿ ಒಂದು ಮಳೆಗಾಲ ಬಾಡಿಗೆಗೆ ಇರಿ. ಜುಲೈನಲ್ಲಿ ಜೋರು ಮಳೆಯ ದಿನ ಕೊಡೆ ಹಿಡಿದು ಜಾಗದ ಗಡಿ ಸುತ್ತಿ, ಜೊತೆಗೆ ಪಕ್ಕದ ತೋಟದವರನ್ನು ಕರೆಯಿರಿ, ಮಾರುವವರನ್ನಲ್ಲ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ, ಯಾರ ಕಾಲುದಾರಿ ಎಲ್ಲಿದೆ, ಯಾವ ಬರೆಯಲ್ಲಿ ಬಿರುಕಿದೆ ಎಂದು ಅವರೇ ತೋರಿಸುತ್ತಾರೆ. ಅಷ್ಟು ನೋಡಿದ ಮೇಲೆ ಅಡ್ವಾನ್ಸ್ ಕೊಡಿ.