ವೆನ್ಲಾಫ್ಯಾಕ್ಸಿನ್ ಬಿಟ್ಟ ನಂತರದ ತಲೆಸುತ್ತು: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಖಿನ್ನತೆಗೆ ಕೊಡುವ ಔಷಧವಾದ ವೆನ್ಲಾಫ್ಯಾಕ್ಸಿನ್ ಅನ್ನು 75 ಮಿಲಿಗ್ರಾಂನಿಂದ 37.5ಕ್ಕೆ ಇಳಿಸಿ, ಎರಡು ವಾರಗಳ ಬಳಿಕ ಪೂರ್ತಿ ಬಿಟ್ಟ ಮೂರನೆಯ ದಿನದಿಂದ ತಲೆಸುತ್ತು, ಕಣ್ಣು ಹೊರಳಿಸಿದಾಗಲೆಲ್ಲ ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು ಮತ್ತು ಕಾರಣವಿಲ್ಲದ ಅಳು ಶುರುವಾಗಿವೆ ಎಂದು ಬರೆದು, ಹಳೆಯ ಖಿನ್ನತೆಯೇ ಮರಳಿತೇ ಎಂದು ಕೇಳಿದ್ದೀರಿ. ನೀವು ವಿವರಿಸಿರುವುದು ಔಷಧ ಬಿಟ್ಟಾಗ ಕಾಣಿಸಿಕೊಳ್ಳುವ ಲಕ್ಷಣಗಳಿಗೇ ಹೆಚ್ಚು ಹೊಂದುತ್ತದೆ. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ವಾರಗಟ್ಟಲೆ ನಿಧಾನವಾಗಿ ಮರಳುತ್ತದೆ. ಕರೆಂಟ್ ಹೊಡೆದಂತಹ ಅನುಭವ ಅದರ ಲಕ್ಷಣವಲ್ಲ.

ಖಿನ್ನತೆಯ ಇನ್ನೊಂದು ಔಷಧವಾದ ಫ್ಲುಯೊಕ್ಸೆಟಿನ್ ವಾರಗಟ್ಟಲೆ ದೇಹದಲ್ಲಿ ಉಳಿದು ತಾನಾಗಿಯೇ ಮೆಲ್ಲಗೆ ಇಳಿಯುತ್ತದೆ, ಆದರೆ ವೆನ್ಲಾಫ್ಯಾಕ್ಸಿನ್‌ನ ಪ್ರಮಾಣ ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಅದೂ ಅಲ್ಲದೆ, ಔಷಧದ ಪರಿಣಾಮ ಡೋಸ್‌ನ ನೇರ ಅನುಪಾತದಲ್ಲಿ ಇಳಿಯುವುದಿಲ್ಲ. ಸಣ್ಣ ಡೋಸ್ ಕೂಡ ಮೆದುಳಿನ ಸೆರೊಟೋನಿನ್ (ಮನಸ್ಥಿತಿಗೆ ಸಂಬಂಧಿಸಿದ ರಾಸಾಯನಿಕ) ವ್ಯವಸ್ಥೆಯ ಮೇಲೆ ಸಾಕಷ್ಟು ಹಿಡಿತ ಹೊಂದಿರುವುದರಿಂದ, 37.5ರಿಂದ ಸೊನ್ನೆಗೆ ಇಳಿಯುವ ಕೊನೆಯ ಮೆಟ್ಟಿಲೇ ಅತ್ಯಂತ ಎತ್ತರದ್ದು. ಎರಡು ವಾರಗಳ ಅವಧಿ ನನ್ನ ದೃಷ್ಟಿಯಲ್ಲಿ ಅವಸರದ್ದೇ.

ಇಂದೇ ನಿಮ್ಮ ಮನೋವೈದ್ಯರನ್ನು ಸಂಪರ್ಕಿಸಿ. ಅವರು ಕೊನೆಯ ಡೋಸನ್ನು ಮತ್ತೆ ಆರಂಭಿಸಿ, ನಂತರ ತಿಂಗಳುಗಟ್ಟಲೆ ಇನ್ನೂ ಸಣ್ಣ ಹಂತಗಳಲ್ಲಿ ಇಳಿಸಬಹುದು. ಹಾಗೆ ಆರಂಭಿಸಿದ ಕೆಲವೇ ದಿನಗಳಲ್ಲಿ ಈ ತೊಂದರೆ ತಗ್ಗಿದರೆ, ಕಾರಣ ಯಾವುದೆಂಬುದಕ್ಕೂ ಸುಳಿವು ಸಿಕ್ಕಂತೆ. ದಿನ ಬಿಟ್ಟು ದಿನ ನುಂಗುವ ಉಪಾಯವನ್ನು ಹಲವರು ಸೂಚಿಸುತ್ತಾರೆ, ಈ ಔಷಧಕ್ಕೆ ಅದು ಬೇಡ. ನಿಧಾನವಾಗಿ ಬಿಡುಗಡೆಯಾಗುವ ಕ್ಯಾಪ್ಸೂಲಿನ ಕಾಳುಗಳನ್ನು ಅಗಿಯುವುದಾಗಲಿ ಪುಡಿ ಮಾಡುವುದಾಗಲಿ ಕೂಡದು. ತಲೆಸುತ್ತು ಇರುವವರೆಗೆ ವಾಹನ ಓಡಿಸಬೇಡಿ, ಮದ್ಯ ಮುಟ್ಟಬೇಡಿ. ಸಾಯುವ ಯೋಚನೆ ಸುಳಿದರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯದೆ, ಜೊತೆಗೆ ಒಬ್ಬರನ್ನು ಕರೆದುಕೊಂಡು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.