ಎರಿಮಣ್ಣಿನ ನೆಲ ಬಿರಿಯದಿರಲು

ಗದಗಿನ ಎರಿಮಣ್ಣಿಗೆ ಫೆವಿಕಾಲ್ ಕಲಸಿ 1:35 ಅಳತೆಯ (ನಿಜದ್ದಕ್ಕಿಂತ 35 ಪಟ್ಟು ಚಿಕ್ಕ) ಯುದ್ಧ ಟ್ಯಾಂಕಿನ ಮಾದರಿಗೆ ನೆಲ ಮಾಡಿದೆ, ಎರಡೇ ದಿನಕ್ಕೆ ಬಿರುಕು ಬಿಟ್ಟಿತು, ಯಾಕೆ ಅಂತ ಕೇಳಿದ್ದೀರಿ. ತಪ್ಪು ಅಂಟಿನದಲ್ರಿ, ಮಣ್ಣಿನದು. ಎರಿ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದೂ ಇದಕ್ಕೇ. 1 ಮಿ.ಮೀ. ಸೀಳು ಆ ಅಳತೆಯಲ್ಲಿ 3.5 ಸೆಂ.ಮೀ. ಆಗಿ ಕಾಣುತ್ತದೆ.

ತಳಕ್ಕೆ 3 ಪಾಲು ಸಣ್ಣ ಮರಳು, 1 ಪಾಲು ವಾಲ್ ಪುಟ್ಟಿ, ಫೆವಿಕಾಲ್ ನೀರಲ್ಲಿ ಕಲಸಿ 2 ಮಿ.ಮೀ. ದಪ್ಪ ಬಳಿಯಿರಿ. ಹಸಿ ಇರುವಾಗಲೇ ಟ್ಯಾಂಕಿನ ಚೈನಿಗೆ ನೀರು ಸವರಿ ಒತ್ತಿ, ಜಾಡು ಮೂಡುತ್ತದೆ. ಪೂರ್ತಿ ಒಣಗಿದ ಮೇಲಷ್ಟೇ ಎರಿಮಣ್ಣನ್ನು ಚಹಾ ಸೋಸುವ ಜಾಲರಿಯಿಂದ ತೆಳ್ಳಗೆ ಉದುರಿಸಿ. 1 ಪಾಲು ಫೆವಿಕಾಲ್‌ಗೆ 4 ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಡ್ರಾಪರ್‌ನಿಂದ ಬಿಡಿ. ಆ ಹನಿ ಮರೆತರೆ ನೀರು ಇಂಗದೆ ಮುತ್ತಿನಂತೆ ನಿಂತು ಪುಡಿಯನ್ನೆಲ್ಲ ಉಂಡೆ ಕಟ್ಟಿಸುತ್ತದೆ. ಫ್ಯಾನಿನ ಕೆಳಗಂತೂ ಇಡಬೇಡಿ, ನೆರಳಲ್ಲಿ ನಿಧಾನ ಒಣಗಲಿ.